ವಿಜಯೀಂದ್ರರಾಯರ ಸಿಡಿ

ಸವಣೂರಿನ ವಿಜಯೀಂದ್ರರಾಯರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಊರವರ ಮಾತನ್ನು ಒಂದು ತಂತಿಯಿಂದ ಇನ್ನೊಂದು ತಂತಿಗೆ ದಾಟಿಸುವುದರಲ್ಲಿ ಅವರ ಕೈ ಒಮ್ಮೆಯೂ ತಪ್ಪಿರಲಿಲ್ಲ. ತಮ್ಮ ಸ್ವಂತ ಮಾತನ್ನು ತಮ್ಮ ಬಾಯಿಂದ ಎದುರಿಗೆ ಕುಳಿತವರ ಕಿವಿಗೆ ದಾಟಿಸುವುದು ಮಾತ್ರ ಅವರಿಗೆ ಸಾಧಿಸಲೇ ಇಲ್ಲ. ಮದುವೆಯಾದ ಹೊಸದರಲ್ಲಿ ಹಾನಗಲ್ಲಿನ ಮಾವನ ಮನೆಯಲ್ಲಿ ಊಟಕ್ಕೆ ಕುಳಿತು, "ಅಕ್ಕಿ ಭಾಳ ಛೊಲೋ ಅವ, ನಮ್ಮೂರಾಗ ಇಂಥಾವು ಸಿಗೂದಿಲ್ಲ" ಎಂದಿದ್ದರು. ಅಳಿಯ ಬಾಯಿಬಿಟ್ಟು ಕೇಳಿಯೇಬಿಟ್ಟರೆಂದು ಮಾವನವರು ಮೂರು ಚೀಲ ಅಕ್ಕಿಯನ್ನು ಬಸ್ಸಿನ ಮೇಲೆ ಹೇರಿಸಿದರು. ರಾಯರು ದಾರಿಯಲ್ಲಿ ಹೆಂಡತಿಯನ್ನು, "ನಿಮ್ಮಪ್ಪ ಅಕ್ಕಿ ವ್ಯಾಪಾರ ಯಾವಾಗ ಶುರು ಮಾಡಿದ್ರು?" ಎಂದು ಕೇಳಿದರಂತೆ.

ಅಂಥ ರಾಯರು ಹೋದ ವರ್ಷ ನಾಲ್ಕು ಜನರ ನಡುವೆ ಎದ್ದು ನಿಂತು, "ನನ್ನ ಹತ್ರ ಸಿಡಿ ಅವ" ಎಂದುಬಿಟ್ಟರು. ಆ ಮಾತಿಗೆ ಊರು ಹೇಗೆ ಅಲ್ಲಾಡಿತೆಂದು ಹೇಳುವ ಮೊದಲು, ಆ ಸಿಡಿಗಳಲ್ಲಿ ಏನಿತ್ತೆಂದು ಹೇಳಬೇಕು.

ಅವುಗಳಲ್ಲಿ ಇದ್ದದ್ದು ಪುಸ್ತಕಗಳು. ಕೋಟೆ ಓಣಿಯ ಶಾರದಾ ವಾಚನಾಲಯಕ್ಕೆ ಬಹಳ ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಒಂದು ಕಂಪ್ಯೂಟರನ್ನೂ ಒಂದು ಸ್ಕ್ಯಾನರನ್ನೂ ದಾನ ಕೊಟ್ಟಿದ್ದರು. ಅವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮಷೀನಿನ ಜೊತೆ ಸಂಸಾರ ಮಾಡಿದವರೆಂದು ವಿಜಯೀಂದ್ರರಾಯರನ್ನು ಮುಂದೆ ನೂಕಿದರು. ರಾಯರು ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕುಳಿತು, ಆಗಲೇ ಹುಳ ಹಿಡಿದಿದ್ದ ಹಳೆಯ ಕಾದಂಬರಿಗಳನ್ನೂ ಕಥೆಗಳನ್ನೂ ಒಂದೊಂದೇ ಹಾಳೆ ಮಗುಚಿ ಸ್ಕ್ಯಾನ್ ಮಾಡಿ, ಸಿಡಿಗಳಿಗೆ ತುಂಬಿದರು. ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಅಸದ ಸಿಡಿ ಬರೆಯುವುದನ್ನು ಕಲಿಸಿಕೊಟ್ಟಿದ್ದ. ಕೆಲಸ ಮುಗಿದಾಗ ರಾಯರು ಆ ತಟ್ಟೆಗಳನ್ನು ಅಂಗೈ ಮೇಲಿಟ್ಟುಕೊಂಡು ಓಣಿಯಲ್ಲೆಲ್ಲ, "ಇಡೀ ವಾಚನಾಲಯ ನನ್ನ ಕೈಯಾಗ ಅದ" ಎಂದು ಹೇಳಿಕೊಂಡು ತಿರುಗಿದರು. ಆಮೇಲೆ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟು ಮರೆತರು; ಊರೂ ಮರೆಯಿತು. ಒಂದನ್ನಾದರೂ ತೆರೆದು ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಆಮೇಲಿನ ಮಳೆಗಾಲಗಳಲ್ಲಿ ವಾಚನಾಲಯ ಸೋರಿತು, ಗೆದ್ದಲು ಬಂತು, ಕಪಾಟು ಖಾಲಿಯಾಯಿತು. ಕೊರೊನಾದ ಹೆಸರಿನಲ್ಲಿ ಹಾಕಿದ ಬೀಗವನ್ನು ಯಾರೂ ತೆಗೆಯಲಿಲ್ಲ.

ಇತ್ತ ರಾಯರ ಹೆಂಡತಿ ಮನೋರಮಾಬಾಯಿಯವರ ಕಣ್ಣು ಮಸುಕಾಗುತ್ತ ಬಂತು. ಮದುವೆಯಾದ ತಿಂಗಳಿನಿಂದ ರಾಯರು ಆಫೀಸಿನಿಂದ ಬರುವಾಗ ವಾಚನಾಲಯದ ಒಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬರುವುದು, ಬಾಯಿಯವರು ಮಧ್ಯಾಹ್ನ ಕಂಬಕ್ಕೆ ಬೆನ್ನು ಕೊಟ್ಟು ಓದುವುದು, ಇಷ್ಟೇ ಆ ಮನೆಯ ಐಷಾರಾಮ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ತಪಾಸಣೆ ಮಾಡಿ, "ಇನ್ನ ಚಾಳೀಸಿನಿಂದ ಆಗೂದಿಲ್ರಿ. ಅಕ್ಷರ ಅಂಗೈಯಷ್ಟು ದೊಡ್ಡವಿದ್ರ ಓದಬಹುದು" ಎಂದರು.

ಮನೋರಮಾಬಾಯಿಯವರು ಬಸ್ಸಿನಲ್ಲಿ ನಗುತ್ತ, "ಅಂಗೈಯಷ್ಟು ಅಕ್ಷರ ಅಂಗಡಿ ಬೋರ್ಡಿನಾಗಷ್ಟ ಇರ್ತಾವ. ಇನ್ನ ಮ್ಯಾಲೆ ಬಜಾರದಾಗ ನಿಂತು ಬೋರ್ಡ್ ಓದಿಕೋತ ಇರ್ತೇನಿ" ಎಂದರು. ರಾಯರು ನಗಲಿಲ್ಲ. ಬಂಕಾಪುರ ದಾಟಿದ್ದೇ ಒಮ್ಮೆಲೇ ಸೀಟಿನ ಮೇಲೆ ಕುಪ್ಪಳಿಸಿ, "ಸಿಡಿ!" ಎಂದು ಕೂಗಿದರು. ಮುಂದಿನ ಸೀಟಿನವನು ತಿರುಗಿ ನೋಡಿದ.

ಮರುದಿನ ಡಬ್ಬಿ ಹಿಡಿದುಕೊಂಡು ಅಸದನ ಅಂಗಡಿಗೆ ಹೋದರು. ಅಸದ ಒಂದು ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಗೆಳೆಯನನ್ನು ಕಂಡವನಂತೆ ನಿಟ್ಟುಸಿರು ಬಿಟ್ಟ. "ಇದನ್ನ ಹಾಕೋ ಬಾಯಿನ ಇಲ್ರಿ ರಾಯರ ಈಗಿನ ಮಷೀನಿಗೆ. ಹೊರಗಿಂದ ಹಚ್ಚೋ ಡ್ರೈವ್ ತರಸಬಹುದು, ಆದ್ರ ಇಷ್ಟ ಹಳೇವನ್ನ ಅದು ಓದತೈತಿ ಅನ್ನೂ ನಂಬಿಗಿ ಇಲ್ಲ. ಇವನ್ನ ಬರದದ್ದು ವಾಚನಾಲಯದ ಕಂಪ್ಯೂಟರಿನಾಗಲ್ಲ? ಅದರಾಗನ ಹಾಕ್ರಿ. ಹುಟ್ಟಿಸಿದ ಮಷೀನು ಗುರ್ತ ಹಿಡೀತೈತಿ."

ವಾಚನಾಲಯದ ಕೀಲಿಕೈ ಇದ್ದದ್ದು ಕಮಿಟಿಯ ಅಧ್ಯಕ್ಷ ನೀಲಪ್ಪ ಸಾಹುಕಾರರ ಹತ್ತಿರ. ನೀಲಪ್ಪನವರು ವೀಳ್ಯದೆಲೆಯ ದೊಡ್ಡ ವ್ಯಾಪಾರಿ. ಎಲೆಯ ಲಿಲಾವಿನಲ್ಲಿ ಹರಾಜು ಕೂಗಿ ಕೂಗಿ ಬೆಳೆದ ಅವರ ದನಿ ಕ್ಷೇಮ ಕೇಳಿದರೂ ಬೈದ ಹಾಗೆ ಕೇಳಿಸುತ್ತಿತ್ತು. ಆ ವಾರವೇ ಅವರ ಅಂಗಡಿಯ ಕಟ್ಟೆಯ ಮೇಲೆ ಕಮಿಟಿಯ ಸಭೆ ಇತ್ತು. ವಾಚನಾಲಯದ ಖೋಲಿಯನ್ನು ಬಾಡಿಗೆಗೆ ಕೊಡೋಣ ಎಂದು ಒಬ್ಬರು, ಮತ್ತೆ ತೆರೆಯೋಣ ಎಂದು ಇನ್ನೊಬ್ಬರು. ನೀಲಪ್ಪನವರು ಮಾತ್ರ, "ಬಾಡಿಗಿನೂ ಬ್ಯಾಡ, ತಗಿಯೂದೂ ಬ್ಯಾಡ. ಹೆಂಗೈತಿ ಹಂಗಿರ್ಲಿ" ಎಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ರಾಯರು ಎದ್ದು ನಿಂತರು. ಮನೆಯಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದರು.

"ಅಧ್ಯಕ್ಷರ, ನನ್ನ ಹತ್ರ ಸಿಡಿ ಅವ."

ಟೀವಿಯವರ ದಯೆಯಿಂದ ಆ ಎರಡಕ್ಷರದ ಮಾನ ಹೋಗಿ ಆಗಲೇ ಬಹಳ ದಿನವಾಗಿತ್ತು. ಸಿಡಿ ಎಂದರೆ ಯಾರದೋ ಗುಟ್ಟು, ಸಿಡಿ ಎಂದರೆ ಯಾರದೋ ಕುರ್ಚಿ ಹೋಯಿತು ಎಂದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ರಾಯರೊಬ್ಬರೇ. ಅವರ ಮನೆಯ ಟೀವಿಯಲ್ಲಿ ಪ್ರವಚನದ ಹೊರತು ಇನ್ನೊಂದು ಚಾನೆಲ್ಲಿಗೆ ಪ್ರವೇಶವಿರಲಿಲ್ಲ.

ನೀಲಪ್ಪನವರ ಬೆರಳಿನ ಸುಣ್ಣ ಎಲೆಯ ಬದಲು ಧೋತರಕ್ಕೆ ಹತ್ತಿತು.

"ಏನ ಸಿಡಿ?"

"ಡಬ್ಬಿ ತುಂಬ ಅವ," ಎಂದರು ರಾಯರು, ಎಲ್ಲರ ಗಮನ ಸಿಕ್ಕಿತೆಂದು ಹುಮ್ಮಸ್ಸಿನಿಂದ. "ದೊಡ್ಡವರು ಸಣ್ಣವರು ಯಾರನ್ನೂ ಬಿಟ್ಟಿಲ್ಲ. ನಾನ ಸ್ವತಃ ಕುಂತು, ಒಂದೊಂದ ತಗದೇನಿ."

"ಎಲ್ಲಿ ಕುಂತು?"

"ವಾಚನಾಲಯದಾಗ. ಮಧ್ಯಾಹ್ನದ ಹೊತ್ತು. ಯಾರಿಗೂ ಗೊತ್ತಾಗಧಾಂಗ."

ನೀಲಪ್ಪನವರು ಎಲೆಯನ್ನು ಕೆಳಗಿಟ್ಟರು. ರಾಯರು ಮುಂದುವರಿದರು. "ಇಷ್ಟ ದಿವಸ ಮುಚ್ಚಿ ಇಟ್ಟಿದ್ದೆ. ಈಗ ನಮ್ಮಾಕಿ ನೋಡಬೇಕು. ಎಷ್ಟ ಬೇಕಂದ್ರ ಅಷ್ಟ ದೊಡ್ಡದ ಮಾಡಿ ನೋಡಬಹುದು, ಕಣ್ಣ ಕಾಣಲಾರದವರಿಗೂ ಕಾಣಸ್ತದ. ಚಾವಿ ಕೊಟ್ಟಬಿಡ್ರಿ, ನಾಳಿಗೇ ಹಾಕಿಬಿಡ್ತೇನಿ. ಓಣಿಯವರೂ ಬಂದು ನೋಡ್ಲಿ, ನನ್ನದೇನೂ ಅಭ್ಯಂತರ ಇಲ್ಲ."

"ಚಾವಿ ಕಳದೈತಿ," ಎಂದರು ನೀಲಪ್ಪನವರು. ಎದ್ದು ನಿಲ್ಲುವಾಗ ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈ ಅಂಗಿಯ ಒಳಗೆ ಘಲ್ಲೆಂದಿತು. ಅದು ಎಲ್ಲರಿಗೂ ಕೇಳಿಸಿತು, ರಾಯರಿಗೂ. "ಪಾಪ, ಹುಡುಕ್ರಿ, ಅವಸರ ಇಲ್ಲ" ಎಂದು ರಾಯರು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಮೊದಲು ಬಂದವನು ಮಾಲತೇಶ, ಬಜಾರದಲ್ಲಿ ಕರಿದ ಖಾರದ ತಿಂಡಿಯ ಅಂಗಡಿಯವನು, ಕಮಿಟಿಯ ಸದಸ್ಯ. ಕೈಯಲ್ಲಿ ಎರಡು ಕಿಲೋ ಖಾರದ ಪೊಟ್ಟಣ. ಕುಳಿತ, ಎದ್ದ, ಮತ್ತೆ ಕುಳಿತ.

"ರಾಯರ, ನಿಮ್ಮ ಮುಂದ ಮುಚ್ಚಿಟ್ಟ ಏನ ಮಾಡ್ಲಿ. ನಮ್ಮಜ್ಜಂದು, ನಮ್ಮಜ್ಜಂದು ಅಂತ ಊರಿಗೆಲ್ಲಾ ಹೇಳಕೋತ ಬಂದೇನಿ. ಅದು ನಮ್ಮಜ್ಜಂದಲ್ರಿ. ಹಿರೇಕೆರೂರವರ್ದು."

ಮಾಲತೇಶ ಹೇಳುತ್ತಿದ್ದದ್ದು ತನ್ನ ಖಾರದ ಮಸಾಲೆಯ ವಿಷಯ. ರಾಯರ ತಲೆಯಲ್ಲಿದ್ದದ್ದು ವಾಚನಾಲಯ. ಯಾರದೋ ಪುಸ್ತಕ ತಂದು ಹಿಂದಿರುಗಿಸದೆ ಇಟ್ಟುಕೊಂಡಿದ್ದಾನೆಂದು ಅವರು ತಿಳಿದರು.

"ಇರ್ಲಿ ಬಿಡೋ. ಎಲ್ಲಾರ ಮನ್ಯಾಗೂ ಒಂದೆರಡು ಹಂಥಾವು ಇರ್ತಾವ. ಹಿಂದಕ ಕೊಟ್ಟಬಿಟ್ರ ಆತು."

"ಹಿಂದಕ ಹೆಂಗ ಕೊಡ್ಲಿರಿ? ಊರ ಮಂದಿ ತಿಂದಬಿಟ್ಟಾರಲ್ಲ!"

"ಮಂದಿ ಅಲ್ಲ, ಹುಳಾ ತಿಂದಿರಬೇಕು," ಎಂದು ರಾಯರು ಸಮಾಧಾನ ಹೇಳಿದರು. "ಭಾಳ ಹುಳಾ ಆಗಿದ್ವು."

ಮಾಲತೇಶ ತಂದಿದ್ದ ಖಾರದ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡ. "ಹುಳಾ... ಸಿಡಿಯಾಗ ಕಾಣಸ್ತಾವೇನ್ರಿ?"

"ಹುಳಾ ಕಾಣೂದಿಲ್ಲ. ತಿಂದದ್ದು ಕಾಣಸ್ತದ. ದೊಡ್ಡದ ಮಾಡಿದ್ರ ಒಂದೊಂದ ತೂತೂ ಕಾಣಸ್ತದ."

ಮಾಲತೇಶ ಚಹಾ ಮುಟ್ಟದೆ ಎದ್ದು ಹೋದ. ಮಧ್ಯಾಹ್ನದೊಳಗೆ ಅವನ ಅಂಗಡಿಯ ಡಬ್ಬಿಗಳೆಲ್ಲ ಬಿಸಿಲಿಗೆ ಬಂದವು. ಗಿರಣಿಯ ಹಿಟ್ಟನ್ನು ಮೂರು ಸಲ ಸಾಣಿಸುತ್ತಿದ್ದಾನೆಂದು ಸುದ್ದಿ ಬಂತು.

ಸಂಜೆ ನೀಲಪ್ಪನವರ ಮನೆಯಿಂದ ಒಂದು ಪೆಂಡಿ ಎಳೆಯ ಎಲೆ ಬಂತು. ಹಿಂದೆಯೇ ಯಾರದೋ ಮನೆಯಿಂದ ಗೋದಿ ಹುಗ್ಗಿ, ಇನ್ಯಾರದೋ ಮನೆಯಿಂದ ಮಾವಿನ ಉಪ್ಪಿನಕಾಯಿ.

"ನಿನ್ನ ಕಣ್ಣಿನ ಸಲುವಾಗಿ ಊರ ಮಂದಿ ಎಷ್ಟ ಮರಗ್ತಾರ ನೋಡು," ಎಂದರು ರಾಯರು ಗದ್ಗದರಾಗಿ.

ಮನೋರಮಾಬಾಯಿಯವರಿಗೆ ಮುಖ ಕಾಣದಿದ್ದರೂ ದನಿ ಕೇಳಿಸುತ್ತಿತ್ತು. "ಮರಗೂ ದನಿ ಅಲ್ರೀ ಇದು. ಪರೀಕ್ಷಾ ಫೇಲಾದ ಹುಡುಗರು ಅಪ್ಪನ ಮುಂದ ನಿಂತ ದನಿ. ನೀವು ಸಭಾದಾಗ ಏನಂದ ಬಂದೀರಿ?"

"ನನ್ನ ಹತ್ರ ಸಿಡಿ ಅವ ಅಂದೆ. ಇನ್ನೇನಂತೇನಿ?"

ಮನೋರಮಾಬಾಯಿಯವರು ಆ ಮಾತನ್ನು ತಿರುವಿ ತಿರುವಿ ನೋಡಿದರು. ಆದರೆ ಆ ಮನೆಯಲ್ಲಿ ಅವರೂ ಕೇಳುತ್ತಿದ್ದದ್ದು ಪ್ರವಚನದ ಚಾನೆಲ್ಲನ್ನೇ.

ನೀಲಪ್ಪನವರ ಚಾವಿ ಸಿಗುವ ಲಕ್ಷಣ ಕಾಣಲಿಲ್ಲ. ಶಿಗ್ಗಾವಿಯ ಒಂದು ಕಚೇರಿಯಲ್ಲಿ ಹಳೆಯ ಕಂಪ್ಯೂಟರು ಇದೆಯೆಂದು ಅಸದ ಹೇಳಿದ್ದರಿಂದ ರಾಯರು ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರು. ಅವರಿಗಿಂತ ಮೊದಲೇ ಅವರ ಕೀರ್ತಿ ಅಲ್ಲಿಗೆ ಮುಟ್ಟಿತ್ತು. ಕಚೇರಿಯ ಸಾಹೇಬ ಲೋಹಿತ ಚಿಕ್ಕ ವಯಸ್ಸಿನವ, ಸಂಭಾವಿತ. ರಾಯರು ಒಳಗೆ ಕಾಲಿಟ್ಟಾಗ ಅವನ ಮೇಜಿನ ಕಂಪ್ಯೂಟರಿನಿಂದ ಸಣ್ಣಗೆ ಶಹನಾಯಿ ಕೇಳುತ್ತಿತ್ತು.

"ಸಾಹೇಬರ, ಸವಣೂರಿಂದ ಬಂದೇನಿ. ಒಂದ ಸಿಡಿ ಹಾಕಿ ನೋಡಬೇಕಾಗಿತ್ತು."

ಲೋಹಿತ ಎದ್ದು ನಿಂತ. "ನಮ್ಮ ಮಷೀನು ಕೆಟ್ಟೈತ್ರಿ."

"ಶಹನಾಯಿ ಬಾರಸ್ಲಿಕತ್ತದಲ್ರಿ?"

ಲೋಹಿತ ಮೇಜಿನ ಕೆಳಗೆ ಬಗ್ಗಿ ವಾಯರನ್ನೇ ಕಿತ್ತ. ಶಹನಾಯಿ ಅರ್ಧ ಉಸಿರಿನಲ್ಲಿ ನಿಂತಿತು. "ಈಗ ಕೆಟ್ಟೈತಿ," ಎಂದ. ರಾಯರನ್ನು ಬಾಗಿಲವರೆಗೆ ಕಳಿಸುತ್ತ ದನಿ ತಗ್ಗಿಸಿ, "ಹಿರಿಯರದೀರಿ. ಊಟ ಆದಮ್ಯಾಲೆ ಹತ್ತ ನಿಮಿಷ ಜೀಪಿನಾಗ ಕಣ್ಣ ಮುಚ್ಚತೇನಿ, ಅಷ್ಟರಿ ನಂದು. ಅದೂ ಹುಣಸಿ ಗಿಡದ ನೆರಳ ಛೊಲೋ ಇದ್ದಾಗ" ಎಂದ. ರಾಯರು, "ಆರೋಗ್ಯಕ್ಕ ಛೊಲೋ ರೀ ಅದು, ಬಿಡಬ್ಯಾಡ್ರಿ" ಎಂದು ಹರಸಿ ಬಂದರು.

ಮನೆಯಲ್ಲಿ ಹಾನಗಲ್ಲಿನಿಂದ ಬಂದ ಭಾವಮೈದುನ ರಘುವೀರ ಕಾಯುತ್ತಿದ್ದ. ಹಾನಗಲ್ಲಿನಲ್ಲಿ ರಘುವೀರನ ಏಕಾದಶಿ ಎಂದರೆ ಪಂಚಾಂಗದಷ್ಟೇ ಪ್ರಮಾಣ. ನೀರನ್ನೂ ಲೆಕ್ಕ ಹಾಕಿ ಕುಡಿಯುವವನು. ಅಕ್ಕನ ಮುಂದೆ ಬಂದು ಕಂಬ ಹಿಡಿದು ನಿಂತ.

"ಭಾವಾ, ಹೋದ ವರ್ಷ ಏಕಾದಶಿ ದಿವಸ ಹಿರೇಕೆರೂರ ಬಸ್ ಸ್ಟ್ಯಾಂಡಿನಾಗ..."

"ಅಲ್ಲಿ ಬಿಟ್ಟ ಬಂದ್ಯಾ?" ಎಂದರು ರಾಯರು, ಇನ್ನೊಂದು ಪುಸ್ತಕ ಕಳೆಯಿತೆಂದು.

"ಬಿಡಲಿಲ್ಲ ಭಾವಾ. ಅದ ಆತಲ್ಲ ತಪ್ಪು. ಒಂದ ಪ್ಲೇಟ ಚುರಮರಿ ಗಿರಮಿಟ್ಟು. ಮ್ಯಾಲೆ ಎರಡ ಮಿರ್ಚಿ. ಒಂದನೂ ಬಿಡಲಿಲ್ಲ."

ಮನೋರಮಾಬಾಯಿಯವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂತು. ರಾಯರು ಮಾತ್ರ, "ಗಿರಮಿಟ್ಟಿಗೂ ವಾಚನಾಲಯಕ್ಕೂ ಏನ ಸಂಬಂಧ?" ಎಂದರು.

ಆ ಸಂಬಂಧವನ್ನು ಬಿಡಿಸಿ ಹೇಳಿದವಳು ಫಕ್ಕೀರವ್ವ. ಹತ್ತಿಮತ್ತೂರಿನಿಂದ ದಿನಾ ಬೆಣ್ಣೆ ತಂದು ಮಾರುವವಳು. ಆವತ್ತು ಬುಟ್ಟಿಯನ್ನು ಕಟ್ಟೆಯ ಮೇಲೆ ಕುಕ್ಕಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ರಾಯರ, ನಂದೂ ಐತೇನ್ರಿ ಸಿಡಿ?"

"ನಿಂದೆಲ್ಲಿದು ಫಕ್ಕೀರವ್ವಾ? ನಿಂದಿಲ್ಲ."

"ಯಾಕಿಲ್ರಿ? ಮಾಲತೇಶಂದೈತಿ, ನೀಲಪ್ಪ ಸಾವಕಾರದೈತಿ, ಶಿಗ್ಗಾವಿ ಸಾಹೇಬಂದೂ ಐತಿ. ಇಷ್ಟ ವರ್ಷ ನಿಮ್ಮ ಮನಿ ಮುಂದ ಅಡ್ಡಾಡೇನಿ, ನಂದೊಂದ ಇಲ್ಲ? ಬಡವರಂದ್ರ ಅಷ್ಟ ಅಗ್ಗಾ?"

"ಅವರ್ದು ಏನದ? ಅದರಾಗ ಇರೂದು ಕಾದಂಬರಿ."

"ಹೌದ್ರಿ, ಎಲ್ಲಾರ ಕಾದಂಬರಿನೂ ಐತಂತ," ಎಂದಳು ಫಕ್ಕೀರವ್ವ. ಆಮೇಲೆ ರಾಯರ ಮುಖ ನೋಡಿ ಅವಳಿಗೇ ಅನುಮಾನ ಬಂತು. "ನಿಮಗ ಖರೇನ ಗೊತ್ತಿಲ್ಲೇನ್ರಿ, ಈಗ ಸಿಡಿ ಅಂದ್ರ ಏನಂತ?" ಎಂದು ಕೆಳಗೆ ಕುಳಿತು, ಟೀವಿಯಲ್ಲಿ ತಾನು ನೋಡಿದ್ದನ್ನೆಲ್ಲ, ಕೈಯಲ್ಲಿ ಬೆಣ್ಣೆ ಹಿಡಿದುಕೊಂಡೇ, ಸವಿಸ್ತಾರವಾಗಿ ವಿವರಿಸಿದಳು. ಬೆಣ್ಣೆ ಕರಗಿತು. ರಾಯರು ಕಿವಿ ಮುಚ್ಚಿಕೊಂಡರು. ಮನೋರಮಾಬಾಯಿಯವರು, "ಆಮ್ಯಾಲೆ? ಆಮ್ಯಾಲೆ ಏನಾತು?" ಎಂದು ಕೇಳುತ್ತಲೇ ಇದ್ದರು. ಕಥೆ ಕೇಳಿ ಬಹಳ ದಿನವಾಗಿತ್ತು ಅವರಿಗೆ.

ರಾಯರು ಕೋಟು ಹಾಕಿಕೊಂಡು ಬಜಾರಕ್ಕೆ ಹೋದರು. ನಡುಬೀದಿಯಲ್ಲಿ ನಿಂತು, "ಮಹಾಜನರ, ನನ್ನ ಸಿಡಿಯಾಗ ಯಾರದೂ ಏನೂ ಇಲ್ಲ! ನನಗ ಯಾರ ವಿಷಯನೂ ಗೊತ್ತಿಲ್ಲ!" ಎಂದು ಕೈಮುಗಿದರು.

ಊರು ಅದನ್ನು ಗಂಭೀರವಾಗಿ ಕೇಳಿಸಿಕೊಂಡಿತು. ಮೊನ್ನೆಯವರೆಗೆ ಸಿಡಿ ಇದೆ ಎಂದವರು ಇವತ್ತು ಇಲ್ಲ ಎನ್ನುತ್ತಾರೆಂದರೆ ಯಾರೋ ಬಹಳ ದೊಡ್ಡವರು ಬಾಯಿ ಮುಚ್ಚಿಸಿದ್ದಾರೆ ಎಂದು ಸರ್ವಾನುಮತದ ತೀರ್ಮಾನವಾಯಿತು. ಮರುದಿನ ಹುಗ್ಗಿಯ ಪಾತ್ರೆಗಳು ಎರಡು ಪಟ್ಟಾದವು.

ರಾಯರು ಹಾಸಿಗೆ ಹಿಡಿಯುವುದೊಂದು ಬಾಕಿ. "ಅವನ್ನ ಒಯ್ದು ಕೆರಿಗೆ ಒಗದ ಬರ್ತೇನಿ," ಎಂದರು ಡಬ್ಬಿ ಎತ್ತಿಕೊಂಡು.

ಮನೋರಮಾಬಾಯಿಯವರು ದನಿ ಬಂದ ಕಡೆಗೆ ಕೈ ಚಾಚಿ ಡಬ್ಬಿಯನ್ನು ಹಿಡಿದುಕೊಂಡರು. "ನನ್ನ ಪುಸ್ತಕರೀ ಅವು," ಎಂದರು, ಅಷ್ಟೇ. ರಾಯರು ಕೋಟು ತೆಗೆದು ಗೂಟಕ್ಕೆ ಹಾಕಿದರು.

ಎರಡು ದಿನ ಬಿಟ್ಟು ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿ ಸಹ ಓಡಾಡದ ಹೊತ್ತಿನಲ್ಲಿ, ನೀಲಪ್ಪ ಸಾಹುಕಾರರು ಒಬ್ಬರೇ ಬಂದರು. ಬಾಗಿಲಲ್ಲೇ ನಿಂತು ಉಡಿದಾರದಿಂದ ಕೀಲಿಕೈ ಬಿಚ್ಚಿದರು.

"ಬರ್ರಿ ರಾಯರ. ಹಾಕೂದ ಇದ್ರ ನನ್ನ ಮುಂದನ ಹಾಕ್ರಿ. ದಿನಾ ಸಾಯೂದು ಬ್ಯಾಡಾಗೈತಿ."

ವಾಚನಾಲಯದ ಬೀಗ ಎಣ್ಣೆ ಹಾಕಿದ ಹಾಗೆ ಸಲೀಸಾಗಿ ತೆರೆಯಿತು. ವರ್ಷಗಟ್ಟಲೆ ಮುಚ್ಚಿದ್ದ ಖೋಲಿ ಕಸ ಹೊಡೆದಂತೆ ಚೊಕ್ಕವಾಗಿತ್ತು. ಕಿಟಕಿಯ ಹತ್ತಿರ ಒಂದು ಕುರ್ಚಿ, ಒಂದು ಮಣ್ಣಿನ ಹೂಜಿ. ಮೇಜಿನ ಮೇಲೆ ಒಂದು ಪಾಟಿ, ಬಳಪ, ಮತ್ತು ಒಂದನೇ ಇಯತ್ತೆಯ ಮಕ್ಕಳ ಪುಸ್ತಕ. ಪಾಟಿಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡದಾಗಿ, ಸೊಟ್ಟಾಗಿ, ಕ ಕಾ ಕಿ ಕೀ.

"ಇದ್ಯಾರದು?" ಎಂದರು ರಾಯರು.

ನೀಲಪ್ಪನವರ ದನಿ ಮೊದಲ ಸಲ ಸಣ್ಣದಾಯಿತು. "ಗೊತ್ತಿದ್ದೂ ಕೇಳಬ್ಯಾಡ್ರಿ. ಆ ಮೂಲ್ಯಾಗ ಕ್ಯಾಮೆರಾ ಐತಿ. ನಾ ಇಲ್ಲಿ ಕುಂತು ಬೆರಳ ಹಚ್ಚಿ ಓದೂದು, ತಪ್ಪೂದು, ಒರಸೂದು, ಎಲ್ಲಾ ನಿಮ್ಮ ಸಿಡಿಯಾಗ ಬಂದೈತಿ. ಎಂಟನೇ ವರ್ಷಕ್ಕ ಎಲಿ ತ್ವಾಟಕ್ಕ ಇಳದವ ನಾನು. ಸಾಲಿ ಮೆಟ್ಟಲಾ ಹತ್ತಲಿಲ್ಲ. ಸಹಿ ಅಷ್ಟ ಬರತೈತಿ, ಅದು ಚಿತ್ರ ಬರದ್ಹಂಗ. ಹೋದ ವರ್ಷ ಮೊಮ್ಮಗಳು ಪೂಜಾ ತೊಡಿ ಮ್ಯಾಲೆ ಕುಂತು, ಈ ಕಥಿ ಓದ ಅಜ್ಜಾ ಅಂದ್ಲು. ಕಣ್ಣ ಮಂಜ ಅದಾವವ್ವಾ ಅಂದೆ. ಓಡಿ ಹೋಗಿ ಚಾಳೀಸ ತಂದ ಮೂಗಿಗೆ ಏರಿಸಿದ್ಲು. ಆಮ್ಯಾಲೆ ಏನ ಹೇಳ್ಲಿರಿ?" ಅವರು ಪಾಟಿಯನ್ನು ಮಗುಚಿ ಹಾಕಿದರು. "ವಾಚನಾಲಯದ ಅಧ್ಯಕ್ಷಗ ಓದಾಕ ಬರೂದಿಲ್ಲ. ಹಾಕ್ರಿ ನಿಮ್ಮ ಸಿಡಿ. ಊರೆಲ್ಲಾ ನಗಲಿ."

ರಾಯರು ಮೂಲೆಯ ಕ್ಯಾಮೆರಾದ ಕಡೆ ನೋಡಿದರು. ಕಂಪ್ಯೂಟರು ಕಳುವಾಗಬಾರದೆಂದು ಎಂದೋ ಕೂಡಿಸಿದ್ದ ಅದಕ್ಕೆ ವಾಯರು ಹಚ್ಚಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಅದರ ಹಿಂದೆ ಒಂದು ಗುಬ್ಬಿ ಸಂಸಾರ ಹೂಡಿತ್ತು. ಅವರಿಗೆ ಏನೇನೋ ಹೇಳಬೇಕೆನ್ನಿಸಿತು. ಹೇಳಿದರೆ ಇನ್ನೊಂದೇನಾದರೂ ಆದೀತೆಂಬ ಹೆದರಿಕೆಯೂ ಆಯಿತು. ಕೊನೆಗೆ, "ನಮ್ಮಾಕಿನ್ನ ಕರಕೊಂಡ ಬರ್ತೇನಿ. ಆಕಿ ಛೊಲೋ ಹೇಳ್ತಾಳ," ಎಂದು ಓಡಿದರು.

ಅವರು ಮನೋರಮಾಬಾಯಿಯವರ ಕೈ ಹಿಡಿದುಕೊಂಡು, ದಾರಿಯಲ್ಲಿ ಅಸದನನ್ನೂ ಎಬ್ಬಿಸಿಕೊಂಡು ಬಂದಾಗ, ನೀಲಪ್ಪನವರು ಶಿಕ್ಷೆಗೆ ಕಾದವರಂತೆ ಗೋಡೆಗೆ ಹತ್ತಿ ನಿಂತಿದ್ದರು. ಮನೋರಮಾಬಾಯಿಯವರು ಮಾತನಾಡಿದ್ದು ಬಹಳ ಕಡಿಮೆ. "ಸಾವಕಾರರ, ನಿಮಗ ಓದಲಿಕ್ಕೆ ಬರೂದಿಲ್ಲ, ನನಗ ಕಾಣೂದಿಲ್ಲ. ಕೂಡ್ರಿ. ಇಬ್ಬರೂ ಕೂಡಿ ನೋಡೂಣಂತ ಇವರ ಡಬ್ಬ್ಯಾಗ ಏನದ."

ಅಸದ ಧೂಳು ಊದಿ ಗುಂಡಿ ಒತ್ತಿದ. ಕಂಪ್ಯೂಟರು ಬಹಳ ಹೊತ್ತು ಕೆಮ್ಮಿ ಎಚ್ಚರವಾಯಿತು. ಮೊದಲನೆಯ ಸಿಡಿ ಹಾಕಿದರು. ಒಳಗೆ ಗರಗರ ತಿರುಗಿ ಹಾಗೆಯೇ ಹೊರಗೆ ಬಂತು. ಎರಡನೆಯದೂ ಬಂತು. ಮೂರನೆಯದು, ನಾಲ್ಕನೆಯದು. ಅಸದ ಒಂದೊಂದನ್ನೂ ಅಂಗಿಗೆ ತಿಕ್ಕಿ ಮತ್ತೆ ಮತ್ತೆ ಹಾಕಿದ. ಡಬ್ಬಿಯ ತಳ ಕಾಣತೊಡಗಿತು. ಇಡೀ ವಾಚನಾಲಯ ಕೈಯಲ್ಲಿದೆ ಎಂದು ತಿರುಗಿದ ಮನುಷ್ಯ ಈಗ ಖಾಲಿ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ನಿಂತಿದ್ದ.

"ಹೋಗ್ಲಿ ಬಿಡ್ರಿ," ಎಂದರು ಮನೋರಮಾಬಾಯಿಯವರು ಮೆಲ್ಲಗೆ. "ಎಷ್ಟ ಮಧ್ಯಾಹ್ನ ಕುಂತು ಮಾಡಿದ್ರಿ. ಅಷ್ಟ ಸಾಕು ನನಗ."

"ಇನ್ನೊಂದೈತ್ರಿ ಅಕ್ಕಾರ," ಎಂದ ಅಸದ. "ಬಿಸ್ಮಿಲ್ಲಾ."

ಅದು ತಿರುಗಿತು, ತಡವರಿಸಿತು, ಮತ್ತೆ ತಿರುಗಿತು. ಹೊರಗೆ ಬರಲಿಲ್ಲ. ಪರದೆಯ ಮೇಲೆ ಹಳದಿ ಹಾಳೆಯೊಂದು ಮೂಡಿತು. ಅಸದ ಅದನ್ನು ಹಿಗ್ಗಿಸಿದ, ಇನ್ನಷ್ಟು ಹಿಗ್ಗಿಸಿದ. ಅಕ್ಷರಗಳು ಅಂಗೈಯಷ್ಟಾದವು. ಮತ್ತು ಹಾಳೆಯ ಬಲಗಡೆ, ಪ್ರತಿ ಸಾಲಿನ ಕೊನೆಯನ್ನೂ ನುಂಗಿಕೊಂಡು, ಏನೋ ಒಂದು ದಪ್ಪನೆಯದು ಅಡ್ಡ ಮಲಗಿತ್ತು.

"ಏನದು, ಬದನಿಕಾಯಿ?" ಎಂದರು ನೀಲಪ್ಪನವರು.

ಅಸದ ಮುಂದಿನ ಹಾಳೆ ತೆಗೆದ. ಅಲ್ಲೂ ಇತ್ತು. ಅದರ ಮುಂದಿನದರಲ್ಲೂ. ದಪ್ಪ ಪುಸ್ತಕ ಮುಚ್ಚಿಕೊಳ್ಳಬಾರದೆಂದು ರಾಯರು ಒಂದು ಕೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗುಂಡಿ ಒತ್ತಿದ್ದರು. ಇಡೀ ಸಾರಸ್ವತ ಲೋಕದ ಮೇಲೆ ಅವರ ಹೆಬ್ಬೆರಳು ಕುಳಿತಿತ್ತು.

ನೀಲಪ್ಪನವರು ಪರದೆ ನೋಡಿದರು, ರಾಯರ ಕೈ ನೋಡಿದರು, ಮತ್ತೆ ಪರದೆ ನೋಡಿದರು. "ಅಲ್ರೀ ರಾಯರ, ಹೆಬ್ಬೆಟ್ಟಿನ ಮನಷ್ಯಾ ಅಂತ ನಾ ಹೆದರಿ ಸಾಯಾಕತ್ತಿದ್ದೆ. ನೀವು ಹಾಳಿಗೊಂದು ಹೆಬ್ಬೆಟ್ಟ ಒತ್ತೀರಲ್ರಿ!" ಎಂದು ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಲಿಲಾವಿನ ದನಿಯ ಆ ನಗೆ ಕೋಟೆ ಓಣಿಯನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿತು. ಬಾಗಿಲಿಗೆ ಮೊದಲು ಬಂದವಳು ಫಕ್ಕೀರವ್ವ, ಹಿಂದೆ ಮಾಲತೇಶ, ಅವನ ಹಿಂದೆ ಅರ್ಧ ಓಣಿ. ಎಲ್ಲರೂ ಇಣುಕಿ ನೋಡಿದರು. ಪರದೆಯ ಮೇಲೆ ಹುಳ ತಿಂದ ಒಂದು ಹಾಳೆ, ಒಂದು ಹೆಬ್ಬೆರಳು.

"ಇಷ್ಟನೇನ್ರಿ?" ಎಂದಳು ಫಕ್ಕೀರವ್ವ, ಬಹಳ ನಿರಾಶೆಯಿಂದ. ಮಾಲತೇಶ ತೂತುಗಳನ್ನು ಕಂಡು ಗೋಡೆಗೆ ಒರಗಿ ದೇವರನ್ನು ನೆನೆದ. ಆ ವಾರ ಊರಲ್ಲಿ ಹುಗ್ಗಿ ಕೊಟ್ಟವರು ಪಾತ್ರೆ ಹಿಂದಕ್ಕೆ ಕೇಳಲು ಬರತೊಡಗಿದರು.

ಆಮೇಲೆ ವಾಚನಾಲಯದ ಬೀಗ ಮತ್ತೆ ಬೀಳಲಿಲ್ಲ. ಬೆಳಿಗ್ಗೆ ಪೇಪರು ಓದುವವರು ಬರುತ್ತಾರೆ. ಮಧ್ಯಾಹ್ನ ಮಾತ್ರ ಆ ಮೂವರದೇ. ಮನೋರಮಾಬಾಯಿಯವರು ಪರದೆಯ ಹತ್ತಿರ ಮುಖವಿಟ್ಟು, ಒಂದೊಂದೇ ದೊಡ್ಡ ಪದವನ್ನು ಹಿಡಿದು ಗಟ್ಟಿಯಾಗಿ ಓದುತ್ತಾರೆ. ನೀಲಪ್ಪನವರು ಪಕ್ಕದಲ್ಲಿ ಕುಳಿತು ಪಾಟಿಯ ಮೇಲೆ ಅದನ್ನು ಬರೆಯುತ್ತಾರೆ. ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದು ನಿಂತಿದ್ದಾರೆ. "ಈ ಒತ್ತ ಕಂಡುಹಿಡದವ ಕೈಯಾಗ ಸಿಗಬೇಕು" ಎಂದು ಬೈಯುತ್ತ ಕಲಿಯುತ್ತಿದ್ದಾರೆ. ಸಾಲಿನ ಕೊನೆಯಲ್ಲಿ ಹೆಬ್ಬೆರಳು ಬಂದಾಗ ಇಬ್ಬರೂ ರಾಯರ ಕಡೆ ತಿರುಗುತ್ತಾರೆ, "ಇಲ್ಲೇನಿತ್ತು?" ಎಂದು. ಮೊದಲ ದಿನ ರಾಯರು ತಲೆ ಕೆರೆದುಕೊಂಡು ಒಪ್ಪಿಕೊಂಡರು. ಇಷ್ಟು ವರ್ಷ ಪುಸ್ತಕ ಹೊತ್ತು ತಂದದ್ದು, ಹೊತ್ತು ಕೊಟ್ಟದ್ದು, ಹಾಳೆ ಹಾಳೆ ಸ್ಕ್ಯಾನ್ ಮಾಡಿದ್ದು ಖರೆ. ಓದಿದ್ದು ಒಂದನ್ನೂ ಇಲ್ಲ. ಅಂದಿನಿಂದ ಅವರ ಕೆಲಸ ಮುಚ್ಚಿದ ಪದವನ್ನು ಊಹಿಸಿ ಹೇಳುವುದು. ಅವರ ಊಹೆಯಿಂದ ಒಮ್ಮೆ ನಾಯಕ ರೈಲಿನ ಬದಲು ಎಮ್ಮೆ ಹತ್ತಿ ಪುಣೆಗೆ ಹೋದ.

ಮೊನ್ನೆ ಕಥೆ ಕಟ್ಟಕಡೆಗೆ ಬಂದಿತ್ತು. ಜಗಳವಾಡಿ ಹೋಗಿದ್ದ ಗಂಡ ಬಾಗಿಲಿಗೆ ಬಂದು ನಿಂತಿದ್ದಾನೆ, ಹೆಂಡತಿ ಒಳಗಿದ್ದಾಳೆ. ಮನೋರಮಾಬಾಯಿಯವರ ಕಣ್ಣು ದಣಿದು ನೀರು ಬಂತು. "ಇವತ್ತಿಗೆ ಸಾಕು," ಎಂದು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು.

"ಸಾಕು ಅಂದ್ರ ಹೆಂಗ್ರಿ? ಅಂವ ಬಾಗಲದಾಗ ನಿಂತಾನ," ಎಂದರು ನೀಲಪ್ಪನವರು. ಅವರಿಗೆ ತಡೆಯಲಾಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು, ಪರದೆಗೆ ಬೆರಳು ಹಚ್ಚಿದರು. "ಅ... ವ... ನ... ಅವನನ್ನು. ನೋ... ಡಿ. ಅವನನ್ನು ನೋಡಿ. ಅ... ವ... ಳು. ಅವಳು." ಹಣೆಯ ಬೆವರು ಒರೆಸಿಕೊಂಡರು. ಒಂದು ಇಡೀ ಸಾಲನ್ನು, ಯಾರ ಸಹಾಯವಿಲ್ಲದೆ, ಕೊನೆಯವರೆಗೆ ತಂದಿದ್ದರು. "ಅವನನ್ನು ನೋಡಿ ಅವಳು... ಮುಂದ ನಿಮ್ಮ ಹೆಬ್ಬೆಟ್ಟೈತ್ರಿ ರಾಯರ. ಏನ ಮಾಡಿದ್ಲು? ಬೈದ್ಲೇನ? ಅತ್ಲೇನ?"

ರಾಯರು ಪರದೆಯನ್ನು ನೋಡಲಿಲ್ಲ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ನೀಲಪ್ಪನವರು ಓದಿದ ಸಾಲನ್ನು ಕೇಳಿಸಿಕೊಂಡ ಹೆಂಡತಿಯ ಮುಖವನ್ನು ನೋಡಿದರು.

"ನಕ್ಕಳು," ಎಂದರು. "ನಕ್ಕಳು ಅಂತನ ಇರಬೇಕು. ಬರಕೋರಿ."

ನೀಲಪ್ಪನವರು ಬಳಪ ಎತ್ತಿಕೊಂಡು, "ಕ-ಕ್ಕ ಒತ್ತ ಬರತೈತೇನ್ರಿ ಇದಕ್ಕ?" ಎಂದು ಕೇಳಿದರು.